ವಿದ್ಯಾರ್ಥಿಗಳೇ ತಯಾರಿಸುವ ವಿಡಿಯೊಗಳ ಮೂಲಕ ಜಲವಿಜ್ಞಾನ ಕಲಿಕೆ: ತಾಳಗುಂದ ಮತ್ತು ಸುತ್ತಲಿನ ಕೆರೆಗಳು

(ವಿದ್ಯಾರ್ಥಿಗಳು, ಪೋಷಕರು, ಶಿಕ್ಷಕರು ಹಾಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳ ಸದಸ್ಯರ ಮಾಹಿತಿಗಾಗಿ)

1. ಪೀಠಿಕೆ

ಕೆರೆ, ಹೊಳೆ, ಬಾವಿ ಮುಂತಾದ ಜಲಮೂಲಗಳಲ್ಲಿ ನಡೆಯುವ ಭೌತಿಕ, ರಾಸಾಯನಿಕ ಮತ್ತು ಜೈವಿಕ ಕ್ರಿಯೆಗಳ ಅಧ್ಯಯನವನ್ನು ಜಲವಿಜ್ಞಾನವೆಂದು ಸ್ಥೂಲವಾಗಿ ಕರೆಯಬಹುದು. ಕರಗಿದ ಆಮ್ಲಜನಕ, ಸಾಂದ್ರತೆ, ಹೂಳು, ಆಹಾರ ಸರಪಳಿ ಮೊದಲಾದ ಪರಿಕಲ್ಪನೆಗಳು ಪ್ರೌಢಶಾಲಾ ವಿದ್ಯಾರ್ಥಿಗಳ ಕಲಿಕೆಗೆ ನೇರವಾಗಿ ಸಂಬಂಧಿಸಿವೆ. ಈ ಪರಿಕಲ್ಪನೆಗಳನ್ನು ವಿದ್ಯಾರ್ಥಿಗಳು ತಮ್ಮ ಊರಿನ ಕೆರೆಯಲ್ಲಿಯೇ ಗಮನಿಸಿ, ತಮ್ಮ ಮಾತಿನಲ್ಲಿ ವಿವರಿಸಿ, 3ರಿಂದ 5 ನಿಮಿಷಗಳ ವಿಡಿಯೊ ರೂಪದಲ್ಲಿ ದಾಖಲಿಸುವ ವಿಧಾನವನ್ನು ಇಲ್ಲಿ ವಿವರಿಸಲಾಗಿದೆ.

ದೃಶ್ಯ ಪಾಠಗಳು ರಾಜ್ಯಕ್ಕೆ ಹೊಸತಲ್ಲ. 2004ರ ಸೆಪ್ಟೆಂಬರ್ 20ರಂದು ಉಡಾವಣೆಗೊಂಡ ಎಜುಸ್ಯಾಟ್ ಉಪಗ್ರಹದ ನೆರವಿನಿಂದ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಕನ್ನಡದ ಪಾಠಗಳು ಪ್ರಸಾರವಾಗಿದ್ದವು. ಆ ವ್ಯವಸ್ಥೆಯಲ್ಲಿ ಪಾಠವು ಸ್ಟುಡಿಯೊದಲ್ಲಿ ತಯಾರಾಗಿ ತರಗತಿಗೆ ಬರುತ್ತಿತ್ತು, ವಿದ್ಯಾರ್ಥಿಯು ನೋಡುಗನಾಗಿದ್ದನು. ಇಲ್ಲಿ ವಿವರಿಸುವ ವಿಧಾನದಲ್ಲಿ ಪಾಠವನ್ನು ಸಿದ್ಧಪಡಿಸುವ ಹೊಣೆ ವಿದ್ಯಾರ್ಥಿಯದೇ ಆಗಿರುತ್ತದೆ. ಇತರರಿಗೆ ಹೇಳಿಕೊಡಬೇಕಾದಾಗ ತನಗೆ ತಿಳಿಯದಿರುವುದು ಯಾವುದೆಂಬುದು ಮೊದಲು ತನಗೇ ತಿಳಿಯುತ್ತದೆ. ಈ ವಿಧಾನದ ಮುಖ್ಯ ಪ್ರಯೋಜನವು ಇದೇ ಆಗಿದೆ.

2. ತಾಳಗುಂದದ ಹಿನ್ನೆಲೆ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ ಶಿರಾಳಕೊಪ್ಪದ ಸಮೀಪವಿರುವ ತಾಳಗುಂದವು ಪ್ರಾಚೀನ ಕಾಲದಲ್ಲಿ ಸ್ಥಾನಕುಂದೂರು ಎಂಬ ಹೆಸರಿನಿಂದ ಪ್ರಸಿದ್ಧವಾಗಿತ್ತು. ಇಲ್ಲಿನ ಪ್ರಣವೇಶ್ವರ ದೇವಾಲಯದ ಮುಂದಿರುವ ಕಲ್ಲಿನ ಕಂಬದ ಮೇಲೆ 5ನೆಯ ಶತಮಾನದ ಸಂಸ್ಕೃತ ಶಾಸನವಿದೆ. ವೇದಾಧ್ಯಯನಕ್ಕಾಗಿ ಕಂಚಿಯ ಘಟಿಕಾಸ್ಥಾನಕ್ಕೆ ಹೋದ ಮಯೂರಶರ್ಮನು ಮುಂದೆ ಕದಂಬ ರಾಜ್ಯವನ್ನು ಸ್ಥಾಪಿಸಿದ ವೃತ್ತಾಂತವು ಈ ಶಾಸನದಿಂದ ತಿಳಿದುಬರುತ್ತದೆ.

ಆದರೆ ಶಾಸನವನ್ನು ಬರೆಸಿದ ಸಂದರ್ಭವು ಯುದ್ಧದ ವಿಜಯವಲ್ಲ, ಒಂದು ಕೆರೆಯ ನಿರ್ಮಾಣ. ಕದಂಬ ದೊರೆ ಕಾಕುಸ್ಥವರ್ಮನು ಇಲ್ಲಿನ ಶಿವಾಲಯದ ಬಳಿ ದೊಡ್ಡ ಕೆರೆಯೊಂದನ್ನು ಕಟ್ಟಿಸಿದನೆಂದೂ, ಅವನ ಮಗ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿಯು ತಾನು ರಚಿಸಿದ ಕಾವ್ಯವನ್ನು ಕಲ್ಲಿನ ಮೇಲೆ ಬರೆದನೆಂದೂ ಶಾಸನವು ತಿಳಿಸುತ್ತದೆ. ಹೀಗೆ ಸುಮಾರು 1,500 ವರ್ಷಗಳ ಹಿಂದೆಯೇ ಕೆರೆಯೊಂದರ ಬಗ್ಗೆ ಸಾರ್ವಜನಿಕ ದಾಖಲೆಯನ್ನು ಬಿಟ್ಟುಹೋದ ಊರು ಇದಾಗಿದೆ. ಕೆರೆಯನ್ನು ಕಟ್ಟಿಸಿದವರು ಯಾರೆಂಬುದನ್ನು ಶಾಸನವು ಹೇಳುತ್ತದೆ. ಕೆರೆಯ ಒಳಗೆ ಏನು ನಡೆಯುತ್ತಿದೆ ಎಂಬುದನ್ನು ದಾಖಲಿಸುವ ಕೆಲಸವನ್ನು ಇಂದಿನ ವಿದ್ಯಾರ್ಥಿಗಳು ಕೈಗೊಳ್ಳಬಹುದಾಗಿದೆ.

ಸುತ್ತಲಿನ ಪ್ರದೇಶವೂ ಈ ಅಧ್ಯಯನಕ್ಕೆ ಅನುಕೂಲವಾಗಿದೆ. ಶಿಕಾರಿಪುರ ತಾಲ್ಲೂಕಿನಲ್ಲಿ ಕುಮುದ್ವತಿ ನದಿ ಮತ್ತು ಅಂಜನಾಪುರ ಜಲಾಶಯ, ಸೊರಬ ತಾಲ್ಲೂಕಿನಲ್ಲಿ ದಂಡಾವತಿ ನದಿ ಹಾಗೂ ಗುಡವಿ ಪಕ್ಷಿಧಾಮದ ಕೆರೆ ಇವೆ. ಏರಿ, ತೂಬು, ಕೋಡಿ, ಅಚ್ಚುಕಟ್ಟು, ಹೂಳು ಎಂಬ ಪದಗಳು ಇಲ್ಲಿನ ಮಕ್ಕಳಿಗೆ ಮನೆಮಾತಾಗಿರುವುದರಿಂದ ವಿಡಿಯೊದಲ್ಲಿಯೂ ಅವುಗಳನ್ನೇ ಬಳಸುವುದು ಸೂಕ್ತ.

3. ಈ ವಿಧಾನದ ಆಧಾರ

ಅ) ಅಮೆರಿಕದಲ್ಲಿ ರೂಪಿಸಲಾದ 'ಬೆಟ್ಟಿಸ್ ಬ್ರೇನ್' ಎಂಬ ಕಂಪ್ಯೂಟರ್ ಕಾರ್ಯಕ್ರಮದಲ್ಲಿ ವಿದ್ಯಾರ್ಥಿಗಳು ಕಾಲ್ಪನಿಕ ಶಿಷ್ಯೆಯೊಬ್ಬಳಿಗೆ ನದಿಯ ಪರಿಸರವ್ಯವಸ್ಥೆಯನ್ನು ಕಲಿಸುತ್ತಾರೆ. ತಮಗಾಗಿ ಕಲಿಯುವವರಿಗಿಂತ ಶಿಷ್ಯೆಗೆ ಕಲಿಸಲೆಂದು ಕಲಿಯುವವರು ಹೆಚ್ಚು ಶ್ರಮ ವಹಿಸುತ್ತಾರೆಂದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡುಬಂದಿದೆ.

ಆ) ವಿಜ್ಞಾನದ ವಿಡಿಯೊಗಳನ್ನು ಕುರಿತು ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸಿದ ಡೆರೆಕ್ ಮುಲ್ಲರ್ ಅವರು, ಜನರಲ್ಲಿ ಸಾಮಾನ್ಯವಾಗಿರುವ ತಪ್ಪು ಕಲ್ಪನೆಯನ್ನು ಮೊದಲು ಮುಂದಿಟ್ಟು ಅನಂತರ ಅದನ್ನು ಸರಿಪಡಿಸುವ ವಿಡಿಯೊಗಳು ನೇರ ವಿವರಣೆಗಿಂತ ಹೆಚ್ಚು ಪರಿಣಾಮಕಾರಿ ಎಂದು ತೋರಿಸಿದರು.

ಇ) ಆಸ್ಟ್ರೇಲಿಯದ ವೊಲಂಗಾಂಗ್ ವಿಶ್ವವಿದ್ಯಾಲಯದ ಗ್ಯಾರಿ ಹೋಬನ್ ಅವರು ರೂಪಿಸಿದ 'ಸ್ಲೋಮೇಶನ್' ವಿಧಾನದಲ್ಲಿ ಮಣ್ಣಿನ ಅಥವಾ ಕಾಗದದ ಮಾದರಿಗಳನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತ ಛಾಯಾಚಿತ್ರ ತೆಗೆದು, ಸೆಕೆಂಡಿಗೆ 2 ಚಿತ್ರಗಳಂತೆ ಜೋಡಿಸಲಾಗುತ್ತದೆ. ಒಂದು ನಿಮಿಷದ ವಿಡಿಯೊಗೆ 120 ಚಿತ್ರಗಳು ಸಾಕು. ಸಾಧಾರಣ ಮೊಬೈಲ್ ದೂರವಾಣಿಯಲ್ಲಿಯೂ ಇದನ್ನು ಮಾಡಬಹುದು.

ನಮ್ಮ ರಾಜ್ಯದಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರವು 2000ನೇ ಇಸವಿಯಲ್ಲಿ ಆರಂಭಿಸಿದ ಕೆರೆಗಳ ಕುರಿತ ಸಮ್ಮೇಳನಗಳ ಮಾಲಿಕೆಯಲ್ಲಿ ಶಾಲಾ ವಿದ್ಯಾರ್ಥಿಗಳು ತಮ್ಮ ಊರಿನ ಜಲಮೂಲಗಳ ಅಧ್ಯಯನಗಳನ್ನು ವಿಜ್ಞಾನಿಗಳ ಮುಂದೆ ಮಂಡಿಸಿದ್ದಾರೆ. ಕೆರೆಯ ಅಧ್ಯಯನವು ಶಾಲಾ ಮಕ್ಕಳಿಗೆ ನಿಲುಕದ ವಿಷಯವಲ್ಲವೆಂಬುದಕ್ಕೆ ಇದು ನಿದರ್ಶನವಾಗಿದೆ.

4. ವಿಡಿಯೊಗೆ ಆಯ್ದುಕೊಳ್ಳಬಹುದಾದ ಪರಿಕಲ್ಪನೆಗಳು

ಒಂದು ವಿಡಿಯೊದಲ್ಲಿ ಒಂದೇ ಪರಿಕಲ್ಪನೆಯನ್ನು ವಿವರಿಸತಕ್ಕದ್ದು.

4.1 ಕರಗಿದ ಆಮ್ಲಜನಕ

ಮೀನು ಉಸಿರಾಡುವುದು ನೀರಿನ ಅಣುವಿನಲ್ಲಿರುವ ಆಮ್ಲಜನಕವನ್ನು ಎಂಬ ತಪ್ಪು ಕಲ್ಪನೆ ಅನೇಕರಲ್ಲಿದೆ. ವಾಸ್ತವವಾಗಿ ಅದು ಉಸಿರಾಡುವುದು ನೀರಿನಲ್ಲಿ ಪ್ರತ್ಯೇಕವಾಗಿ ಕರಗಿರುವ ಆಮ್ಲಜನಕವನ್ನು. ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿದ್ದರೆ, 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರ್ ಸಿಹಿನೀರು ಗಾಳಿಯಿಂದ ಹೀರಿಕೊಂಡು ಹಿಡಿದಿಟ್ಟುಕೊಳ್ಳುವುದು ಸುಮಾರು 8 ಮಿಲಿಗ್ರಾಂ ಮಾತ್ರ. ನೀರು ಬಿಸಿಯಾದಂತೆ ಇದು ಇನ್ನೂ ಕಡಿಮೆಯಾಗುತ್ತದೆ: 20 ಡಿಗ್ರಿಯಲ್ಲಿ ಸುಮಾರು 9.1, 30 ಡಿಗ್ರಿಯಲ್ಲಿ ಸುಮಾರು 7.5 ಮಿಲಿಗ್ರಾಂ. ಮೀನುಗಾರಿಕೆ ಮತ್ತು ವನ್ಯಜೀವಿಗಳಿಗೆ ಯೋಗ್ಯವಾದ ನೀರಿನಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಕರಗಿದ ಆಮ್ಲಜನಕವಿರಬೇಕೆಂದು ಕೇಂದ್ರೀಯ ಮಾಲಿನ್ಯ ನಿಯಂತ್ರಣ ಮಂಡಳಿಯು ನಿಗದಿಪಡಿಸಿದೆ.

ಹಗಲಿನಲ್ಲಿ ಪಾಚಿ ಮತ್ತು ಜಲಸಸ್ಯಗಳು ದ್ಯುತಿಸಂಶ್ಲೇಷಣೆಯಿಂದ ಆಮ್ಲಜನಕವನ್ನು ಬಿಡುತ್ತವೆ. ರಾತ್ರಿ ಈ ಕ್ರಿಯೆ ನಿಂತು, ಸಸ್ಯ, ಮೀನು, ಸೂಕ್ಷ್ಮಜೀವಿಗಳೆಲ್ಲವೂ ಉಸಿರಾಟಕ್ಕಾಗಿ ಆಮ್ಲಜನಕವನ್ನು ಬಳಸುತ್ತಲೇ ಇರುತ್ತವೆ. ಆದ್ದರಿಂದ ಸೂರ್ಯೋದಯಕ್ಕೆ ಸ್ವಲ್ಪ ಮುಂಚೆ ಆಮ್ಲಜನಕವು ಅತ್ಯಂತ ಕಡಿಮೆಯಿರುತ್ತದೆ. ಪಾಚಿ ಹೆಚ್ಚಾಗಿರುವ ಕೆರೆಯಲ್ಲಿ ಬೆಳಗಿನ ಜಾವ ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆಯುವುದಕ್ಕೆ ಇದು ಮುಖ್ಯ ಕಾರಣ.

ಇದು ಕೇವಲ ಪಠ್ಯದ ವಿಷಯವಲ್ಲ. ಕೆರೆಯಲ್ಲಿ ಬೆಳಿಗ್ಗೆ ಮೀನುಗಳು ಸತ್ತು ತೇಲಿದಾಗ ಯಾರೋ ವಿಷ ಬೆರೆಸಿದ್ದಾರೆಂಬ ಅನುಮಾನ ಸಹಜವಾಗಿ ಹುಟ್ಟಿ, ಊರಿನಲ್ಲಿ ವೈಮನಸ್ಯಕ್ಕೆ ಎಡೆಯಾಗಬಹುದು. ವಿಷವೂ ಕಾರಣವಿರಬಹುದು, ಆಮ್ಲಜನಕದ ಕೊರತೆಯೂ ಕಾರಣವಿರಬಹುದು. ನೀರಿನ ಪರೀಕ್ಷೆಯಿಲ್ಲದೆ ನಿರ್ಧರಿಸಲಾಗದು. ಈ ವ್ಯತ್ಯಾಸವನ್ನು ಬಲ್ಲ ವಿದ್ಯಾರ್ಥಿಯು ಊರಿನವರಿಗೆ ಅದನ್ನು ವಿವರಿಸಬಲ್ಲನು.

ಪ್ರಯೋಗ: ಎರಡು ಗಾಜಿನ ಬಾಟಲಿಗಳಲ್ಲಿ ಕೆರೆಯ ನೀರು ಮತ್ತು ಒಂದೇ ಅಳತೆಯ ಜಲಸಸ್ಯವನ್ನು ಇಟ್ಟು, ಒಂದನ್ನು ಬಿಸಿಲಿನಲ್ಲಿ, ಇನ್ನೊಂದನ್ನು ಕಪ್ಪು ಬಟ್ಟೆ ಸುತ್ತಿ ಇಡುವುದು. ಗುಳ್ಳೆಗಳು ಏಳುವ ವ್ಯತ್ಯಾಸವನ್ನು ಚಿತ್ರೀಕರಿಸುವುದು. ಆಮ್ಲಜನಕವನ್ನು ಅಳೆಯುವ ವಿಂಕ್ಲರ್ ವಿಧಾನದಲ್ಲಿ ತೀವ್ರ ರಾಸಾಯನಿಕಗಳಿರುವುದರಿಂದ ಅದನ್ನು ಶಿಕ್ಷಕರೇ ಮಾಡಿ ತೋರಿಸತಕ್ಕದ್ದು.

4.2 ಹೂಳು ಮತ್ತು ಕಣಗಳ ಇಳಿತ

ಮಳೆಗಾಲದಲ್ಲಿ ಕೆರೆಗೆ ಬರುವ ಕೆಂಪು ನೀರನ್ನು ಎತ್ತರದ ಗಾಜಿನ ಜಾಡಿಯಲ್ಲಿ ನಿಲ್ಲಿಸಿದರೆ ಮರಳು ಕೆಲವೇ ಸೆಕೆಂಡುಗಳಲ್ಲಿ ತಳ ಸೇರುತ್ತದೆ. ಜೇಡಿಯ ಸೂಕ್ಷ್ಮ ಕಣಗಳು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ತೇಲುತ್ತವೆ. ಸೂಕ್ಷ್ಮ ಕಣಗಳ ವಿಷಯದಲ್ಲಿ ವ್ಯಾಸವು ಅರ್ಧವಾದರೆ ಇಳಿಯುವ ವೇಗವು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಕೆರೆಗೆ ನೀರು ಬಂದು ಸೇರುವ ಕಡೆ ಮರಳು, ಏರಿಯ ಕಡೆ ನುಣುಪಾದ ಕೆಸರು ಸಂಗ್ರಹವಾಗಲು ಇದು ಕಾರಣ. ನಿಗದಿತ ಸಮಯಕ್ಕೊಂದು ಚಿತ್ರ ತೆಗೆದು ಜೋಡಿಸಿದರೆ ಒಂದು ದಿನದ ಬದಲಾವಣೆಯನ್ನು ಅರ್ಧ ನಿಮಿಷದಲ್ಲಿ ತೋರಿಸಬಹುದು.

4.3 ಉಷ್ಣತೆ ಮತ್ತು ನೀರಿನ ಪದರಗಳು

ಶುದ್ಧ ನೀರಿನ ಸಾಂದ್ರತೆಯು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗರಿಷ್ಠವಾಗಿರುತ್ತದೆ. ಅದಕ್ಕಿಂತ ಬಿಸಿಯಾದಷ್ಟೂ ಹಗುರವಾಗುತ್ತ, ಒಂದು ಘನ ಮೀಟರ್ ನೀರು 20 ಡಿಗ್ರಿಯಲ್ಲಿ ಸುಮಾರು 998.2 ಕಿಲೋಗ್ರಾಂ, 30 ಡಿಗ್ರಿಯಲ್ಲಿ ಸುಮಾರು 995.7 ಕಿಲೋಗ್ರಾಂ ತೂಗುತ್ತದೆ. ಬಿಸಿಲಿನಲ್ಲಿ ಕಾದ ಮೇಲ್ಪದರವು ತಂಪಾದ ಕೆಳಪದರದ ಮೇಲೆ ನಿಲ್ಲಲು ಇಷ್ಟು ವ್ಯತ್ಯಾಸ ಸಾಕು. ಬಣ್ಣ ಬೆರೆಸಿದ ತಣ್ಣೀರಿನ ಮೇಲೆ ಬೇರೆ ಬಣ್ಣದ ಉಗುರುಬೆಚ್ಚಗಿನ ನೀರನ್ನು ಚಮಚದ ಬೆನ್ನಿನ ಮೇಲಿಂದ ನಿಧಾನವಾಗಿ ಸುರಿದು ಇದನ್ನು ತೋರಿಸಬಹುದು.

4.4 ಪೋಷಕಾಂಶ ಮತ್ತು ಪಾಚಿ

ಹೊಲಗದ್ದೆಗಳ ಗೊಬ್ಬರ, ಬಟ್ಟೆ ಒಗೆಯುವ ಪುಡಿ, ಕೊಟ್ಟಿಗೆಯ ತೊಳೆನೀರು ಇವುಗಳ ಮೂಲಕ ಸಾರಜನಕ ಮತ್ತು ರಂಜಕ ಕೆರೆಗೆ ಸೇರಿದಾಗ ಪಾಚಿ ಮತ್ತು ಕಳೆ ವಿಪರೀತವಾಗಿ ಬೆಳೆಯುತ್ತವೆ. ಅವು ಸತ್ತು ಕೊಳೆಯುವಾಗ ಆಮ್ಲಜನಕವು ವ್ಯಯವಾಗುತ್ತದೆ. ಎರಡು ಜಾಡಿಗಳಲ್ಲಿ ಕೆರೆಯ ನೀರನ್ನಿಟ್ಟು ಒಂದಕ್ಕೆ ಮಾತ್ರ ಚಿಟಿಕೆ ಗೊಬ್ಬರ ಹಾಕಿ, ಎರಡು ವಾರಗಳ ಕಾಲ ಪ್ರತಿದಿನ ಒಂದೇ ಸ್ಥಳದಿಂದ ಚಿತ್ರ ತೆಗೆಯುವುದು. ಪ್ರಯೋಗದ ನೀರನ್ನು ಮರಳಿ ಕೆರೆಗೆ ಸುರಿಯತಕ್ಕದ್ದಲ್ಲ.

4.5 ಆಹಾರ ಸರಪಳಿ

ಸಸ್ಯಪ್ಲವಕ, ಪ್ರಾಣಿಪ್ಲವಕ, ಮೀನು, ಮೀನು ತಿನ್ನುವ ಹಕ್ಕಿ ಎಂಬ ಕ್ರಮವನ್ನು ಮಣ್ಣಿನ ಮಾದರಿಗಳಿಂದ ತೋರಿಸಬಹುದು. ಕೆರೆಗಳಲ್ಲಿ ಬಿಡುವ ಕಾಟ್ಲಾ ಮೇಲ್ಪದರದಲ್ಲಿಯೂ, ರೋಹು ನಡುವಿನ ಪದರದಲ್ಲಿಯೂ, ಮೃಗಾಲ್ ತಳದಲ್ಲಿಯೂ ಮುಖ್ಯವಾಗಿ ಆಹಾರ ಪಡೆಯುವುದರಿಂದ ಮೂರನ್ನೂ ಒಟ್ಟಿಗೆ ಸಾಕಲಾಗುತ್ತದೆ. ಮೀನು ಸಾಕುವವರೊಡನೆ ಸಂದರ್ಶನ ನಡೆಸಿದರೆ ವಿಡಿಯೊ ಇನ್ನೂ ಉಪಯುಕ್ತವಾಗುತ್ತದೆ.

5. ವಿಡಿಯೊ ತಯಾರಿಸುವ ಕ್ರಮ

1) 4ರಿಂದ 5 ವಿದ್ಯಾರ್ಥಿಗಳ ತಂಡವನ್ನು ರಚಿಸುವುದು. ಓದುವವರು, ಬರೆಯುವವರು, ಪ್ರಯೋಗ ಮಾಡುವವರು, ಚಿತ್ರೀಕರಿಸುವವರು ಎಂದು ಕೆಲಸವನ್ನು ಹಂಚಿ, ಮುಂದಿನ ವಿಡಿಯೊದಲ್ಲಿ ಬದಲಾಯಿಸುವುದು.

2) ವಿಷಯದ ಬಗ್ಗೆ ಮನೆಯವರಲ್ಲಿ ಮತ್ತು ಸಹಪಾಠಿಗಳಲ್ಲಿ ಇರುವ ಅಭಿಪ್ರಾಯಗಳನ್ನು ಕೇಳಿ ಬರೆದುಕೊಳ್ಳುವುದು. ಇವುಗಳಲ್ಲಿ ಒಂದು ತಪ್ಪು ಕಲ್ಪನೆಯನ್ನು ವಿಡಿಯೊದ ಆರಂಭಕ್ಕೆ ಆಯ್ದುಕೊಳ್ಳುವುದು.

3) ಕನಿಷ್ಠ ಒಂದು ವಾರ ಕೆರೆಯನ್ನು ಗಮನಿಸಿ ದಿನಾಂಕ, ವೇಳೆ, ಹವಾಮಾನ ಸಹಿತ ಟಿಪ್ಪಣಿ ಇಡುವುದು.

4) ಒಂದು ಪುಟಕ್ಕೆ ಮೀರದ ಬರಹವನ್ನು ಸಿದ್ಧಪಡಿಸಿ ವಿಜ್ಞಾನ ಶಿಕ್ಷಕರಿಗೆ ತೋರಿಸುವುದು. ಬರಹದ ತಿದ್ದುಪಡಿಯಾಗದೆ ಚಿತ್ರೀಕರಣ ಆರಂಭಿಸಬಾರದು.

5) ಚಿತ್ರೀಕರಣದಲ್ಲಿ ಮೊಬೈಲನ್ನು ಅಡ್ಡಲಾಗಿ, ಅಲುಗಾಡದಂತೆ ಇಡುವುದು. ಗಾಳಿಯ ಸದ್ದಿದ್ದಲ್ಲಿ ಧ್ವನಿಯನ್ನು ತರಗತಿಯಲ್ಲಿ ಪ್ರತ್ಯೇಕವಾಗಿ ಮುದ್ರಿಸಿಕೊಳ್ಳುವುದು.

6) ಇತರ ತರಗತಿಯ ವಿದ್ಯಾರ್ಥಿಗಳಿಗೆ ತೋರಿಸಿ, ಅವರಿಗೆ ಅರ್ಥವಾಗದ ಭಾಗವನ್ನು ಮತ್ತೆ ಮಾಡುವುದು.

ಎಲ್ಲ ವಿದ್ಯಾರ್ಥಿಗಳ ಮನೆಯಲ್ಲಿ ಮೊಬೈಲ್ ಇರುವುದಿಲ್ಲವಾದ್ದರಿಂದ ಮನೆಯಿಂದ ತರುವಂತೆ ಯಾರನ್ನೂ ಒತ್ತಾಯಿಸಬಾರದು. ಶಾಲೆಯ ಅಥವಾ ಶಿಕ್ಷಕರ ಒಂದು ಮೊಬೈಲ್ ಇಡೀ ತರಗತಿಗೆ ಸಾಕಾಗುತ್ತದೆ. ಕಲಿಕೆಯ ಬಹುಪಾಲು ಮೇಲಿನ 1ರಿಂದ 4ನೆಯ ಹಂತಗಳಲ್ಲಿಯೇ ಆಗುತ್ತದೆ.

6. ಸುರಕ್ಷತೆ

ಈ ಕೆಳಕಂಡ ಸೂಚನೆಗಳನ್ನು ಕಡ್ಡಾಯವಾಗಿ ಪಾಲಿಸತಕ್ಕದ್ದು:

ಅ) ಯಾವ ಕಾರಣಕ್ಕೂ ವಿದ್ಯಾರ್ಥಿಗಳು ನೀರಿಗೆ ಇಳಿಯಬಾರದು. ಹೂಳು ಅಥವಾ ಮಣ್ಣು ತೆಗೆದ ಗುಂಡಿಗಳು ನೀರು ತುಂಬಿದಾಗ ಕಾಣುವುದಿಲ್ಲ. ಆಳವಿಲ್ಲವೆಂದು ಕಾಣುವ ಅಂಚಿನಲ್ಲಿಯೇ ಅಪಾಯ ಹೆಚ್ಚು.

ಆ) ನೀರಿನ ಮಾದರಿಯನ್ನು ಹಿರಿಯರೊಬ್ಬರು ಹಗ್ಗ ಕಟ್ಟಿದ ಬಕೆಟ್‌ನಿಂದ ತೆಗೆದುಕೊಡುವುದು. ಪ್ರಯೋಗಗಳನ್ನು ಶಾಲೆಯಲ್ಲಿಯೇ ಮಾಡುವುದು.

ಇ) ಕೋಡಿ ಹರಿಯುತ್ತಿರುವಾಗ, ಏರಿ ಜಾರುತ್ತಿರುವಾಗ ಹಾಗೂ ಗುಡುಗು ಸಿಡಿಲಿನ ಸಂದರ್ಭದಲ್ಲಿ ಭೇಟಿಯನ್ನು ಮುಂದೂಡುವುದು. ಬೆಳಗಿನ ಜಾವದ ದೃಶ್ಯಗಳನ್ನು ಶಿಕ್ಷಕರು ಅಥವಾ ಪೋಷಕರೇ ಚಿತ್ರೀಕರಿಸುವುದು.

ಈ) ಕೈಕಾಲುಗಳಲ್ಲಿ ಗಾಯವಿರುವವರು ನಿಂತ ನೀರನ್ನು ಮುಟ್ಟಬಾರದು, ಇಲಿ ಜ್ವರದ ಸಂಭವವಿರುತ್ತದೆ. ಎಲ್ಲರೂ ಸಾಬೂನಿನಿಂದ ಕೈ ತೊಳೆಯುವುದು.

ಉ) ಮಂಗನ ಕಾಯಿಲೆಯು ಮೊದಲು ಪತ್ತೆಯಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣ್ಣೆಗಳ ಮೂಲಕ ಹರಡುವ ಈ ಕಾಯಿಲೆ ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಕಾಣಿಸಿಕೊಳ್ಳುತ್ತದೆ. ಈ ಅವಧಿಯಲ್ಲಿ ಕಾಡಂಚಿನ ಕೆರೆಗಳಿಗೆ ಹೋಗುವ ಮುನ್ನ ಆರೋಗ್ಯ ಕಾರ್ಯಕರ್ತರ ಸಲಹೆ ಪಡೆಯುವುದು; ಮಂಗಗಳು ಸತ್ತಿರುವ ವರದಿಯಿದ್ದಲ್ಲಿ ಹೋಗಬಾರದು.

ಊ) ತುರ್ತು ಸಂದರ್ಭದಲ್ಲಿ 112, ಆಂಬುಲೆನ್ಸ್‌ಗಾಗಿ 108 ಸಂಖ್ಯೆಗೆ ಕರೆ ಮಾಡುವುದು.

7. ಅನುಮತಿ ಮತ್ತು ಮಾಹಿತಿ ಪಡೆಯುವ ಬಗೆ

ಕೆರೆ: ಸಾಮಾನ್ಯವಾಗಿ 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಪಂಚಾಯತ್ ರಾಜ್ ಸಂಸ್ಥೆಗಳ, 40ರಿಂದ 2,000 ಹೆಕ್ಟೇರ್ ಅಚ್ಚುಕಟ್ಟಿನ ಕೆರೆಗಳು ಸಣ್ಣ ನೀರಾವರಿ ಇಲಾಖೆಯ ವ್ಯಾಪ್ತಿಗೆ ಬರುತ್ತವೆ. ಮುಖ್ಯೋಪಾಧ್ಯಾಯರು ಭೇಟಿಯ ದಿನಾಂಕ, ವಿದ್ಯಾರ್ಥಿಗಳ ಸಂಖ್ಯೆ ಮತ್ತು ಉದ್ದೇಶವನ್ನು ತಿಳಿಸಿ ಗ್ರಾಮ ಪಂಚಾಯಿತಿಗೆ ಮುಂಚಿತವಾಗಿ ಪತ್ರ ಬರೆಯುವುದು.

ಸ್ಮಾರಕ: ಪ್ರಣವೇಶ್ವರ ದೇವಾಲಯವು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಣೆಯಲ್ಲಿದೆ. ಆವರಣದಲ್ಲಿ ಚಿತ್ರೀಕರಿಸುವ ಮುನ್ನ ಸದರಿ ಇಲಾಖೆಯನ್ನು ಸಂಪರ್ಕಿಸತಕ್ಕದ್ದು. ಶಾಸನದ ಅಕ್ಷರಗಳ ಮೇಲೆ ಸೀಮೆಸುಣ್ಣ, ಎಣ್ಣೆ, ನೀರು ಹಚ್ಚಬಾರದು.

ಪಕ್ಷಿಧಾಮ: ಗುಡವಿಯಲ್ಲಿ ಚಿತ್ರೀಕರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಪಡೆಯುವುದು.

ದಾಖಲೆಗಳು: ಕೆರೆಯ ವಿಸ್ತೀರ್ಣ, ಹೂಳು ತೆಗೆದ ವಿವರ ಮುಂತಾದ ಮಾಹಿತಿಯು ಕೇಳಿದಾಗ ದೊರೆಯದಿದ್ದಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ನಾಗರಿಕರು 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡತಕ್ಕದ್ದಾಗಿದೆ.

ಪೋಷಕರ ಒಪ್ಪಿಗೆ: ಮಗುವಿನ ಮುಖ, ಧ್ವನಿ, ಹೆಸರು ವಿಡಿಯೊದಲ್ಲಿ ಬರುವುದಿದ್ದಲ್ಲಿ ಪೋಷಕರಿಂದ ಲಿಖಿತ ಒಪ್ಪಿಗೆ ಪಡೆಯುವುದು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023ರಲ್ಲಿ 18 ವರ್ಷ ತುಂಬದವರನ್ನು ಮಕ್ಕಳೆಂದು ಪರಿಗಣಿಸಲಾಗಿದೆ. ಒಪ್ಪಿಗೆ ಪತ್ರದಲ್ಲಿ ವಿಡಿಯೊವನ್ನು ಎಲ್ಲಿ, ಯಾರಿಗೆ ತೋರಿಸಲಾಗುವುದೆಂದು ಸ್ಪಷ್ಟವಾಗಿ ನಮೂದಿಸುವುದು. ಒಪ್ಪಿಗೆ ನೀಡದವರ ಮಕ್ಕಳನ್ನು ತಂಡದಿಂದ ಕೈಬಿಡಬಾರದು; ಅವರಿಗೆ ಬರಹ, ಪ್ರಯೋಗ ಅಥವಾ ಚಿತ್ರೀಕರಣದ ಕೆಲಸ ನೀಡುವುದು.

8. ಮೌಲ್ಯಮಾಪನ

ವಿಡಿಯೊದ ಅಂದಚೆಂದಕ್ಕೆ ಅಂಕ ನೀಡುವುದು ಸೂಕ್ತವಲ್ಲ. ಶಿಕ್ಷಕರು ಈ ಅಂಶಗಳನ್ನು ಪರಿಶೀಲಿಸಬಹುದು: (1) ಪರಿಕಲ್ಪನೆಯ ವಿವರಣೆ ಸರಿಯಾಗಿದೆಯೇ, (2) ಕಂಡದ್ದನ್ನು ಮತ್ತು ಊಹಿಸಿದ್ದನ್ನು ಬೇರ್ಪಡಿಸಿ ಹೇಳಲಾಗಿದೆಯೇ, (3) ಅಳತೆಗಳಿಗೆ ಮಾನ, ದಿನಾಂಕ, ಸ್ಥಳ ನಮೂದಾಗಿವೆಯೇ, (4) ವಿಡಿಯೊ ನೋಡಿದ ಅನಂತರ ಕೇಳಿದ ಪ್ರಶ್ನೆಗಳಿಗೆ ತಂಡದ ಪ್ರತಿಯೊಬ್ಬರೂ ಉತ್ತರಿಸಬಲ್ಲರೇ. ನಾಲ್ಕನೆಯ ಅಂಶಕ್ಕೆ ಹೆಚ್ಚಿನ ಮಹತ್ವ ನೀಡುವುದು. ಕಂಠಪಾಠ ಮಾಡಿ ಒಪ್ಪಿಸಿದ ಮಾತು ಅಲ್ಲಿ ತಿಳಿದುಬರುತ್ತದೆ.

9. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕೆರೆಯ ನೀರು ತಿಳಿಯಾಗಿದ್ದರೆ ಕುಡಿಯಲು ಯೋಗ್ಯವೆಂದು ವಿಡಿಯೊದಲ್ಲಿ ಹೇಳಬಹುದೇ?
ಉತ್ತರ: ಹೇಳಬಾರದು. ರೋಗಾಣುಗಳು ಕಣ್ಣಿಗೆ ಕಾಣುವುದಿಲ್ಲ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ 100 ಮಿಲಿಲೀಟರ್ ಮಾದರಿಯಲ್ಲಿ ಇ. ಕೋಲಿ ಬ್ಯಾಕ್ಟೀರಿಯ ಸ್ವಲ್ಪವೂ ಪತ್ತೆಯಾಗಬಾರದು. ಇದನ್ನು ಪ್ರಯೋಗಾಲಯದ ಪರೀಕ್ಷೆಯಿಂದ ಮಾತ್ರ ನಿರ್ಧರಿಸಬಹುದು.

ಪ್ರಶ್ನೆ: ಹಸಿರು ಬಣ್ಣದ ನೀರೆಲ್ಲವೂ ಕೆಟ್ಟ ನೀರೇ?
ಉತ್ತರ: ಅಲ್ಲ. ಮಿತವಾದ ಸಸ್ಯಪ್ಲವಕವು ಮೀನುಗಳ ಆಹಾರ ಸರಪಳಿಗೆ ಆಧಾರ. ಅದು ಅತಿಯಾದಾಗ ತೊಂದರೆ ಉಂಟಾಗುತ್ತದೆ.

ಪ್ರಶ್ನೆ: ಕೆರೆಗೆ ಕೊಳಚೆ ಬಿಡುತ್ತಿರುವುದು ಕಂಡುಬಂದರೆ ಅವರ ಹೆಸರನ್ನು ವಿಡಿಯೊದಲ್ಲಿ ಹೇಳಬಹುದೇ?
ಉತ್ತರ: ವಿದ್ಯಾರ್ಥಿಗಳ ವಿಡಿಯೊದಲ್ಲಿ ಯಾರ ಮೇಲೂ ಆರೋಪ ಮಾಡಬಾರದು. ಸ್ಥಳ ಮತ್ತು ದಿನಾಂಕವನ್ನು ಬರೆದುಕೊಂಡು ಶಿಕ್ಷಕರ ಅಥವಾ ಪೋಷಕರ ಮೂಲಕ ಗ್ರಾಮ ಪಂಚಾಯಿತಿಗೆ ಲಿಖಿತ ದೂರು ಸಲ್ಲಿಸುವುದು.

ಪ್ರಶ್ನೆ: ಚಲನಚಿತ್ರ ಗೀತೆಗಳನ್ನು ಹಿನ್ನೆಲೆಗೆ ಬಳಸಬಹುದೇ?
ಉತ್ತರ: ಬೇಡ. ಅವುಗಳಿಗೆ ಹಕ್ಕುಸ್ವಾಮ್ಯವಿರುತ್ತದೆ. ಕೆರೆಯ ಹಕ್ಕಿಗಳ ಮತ್ತು ನೀರಿನ ಸದ್ದು ಸಾಕು.

ಪ್ರಶ್ನೆ: ವಿಡಿಯೊದಲ್ಲಿ ತಪ್ಪು ಉಳಿದಿರುವುದು ಅನಂತರ ತಿಳಿದರೆ ಏನು ಮಾಡಬೇಕು?
ಉತ್ತರ: ಹಳೆಯ ವಿಡಿಯೊವನ್ನು ಹಿಂಪಡೆದು, ತಪ್ಪೇನಿತ್ತು ಎಂಬುದನ್ನು ಹೇಳಿಯೇ ಹೊಸದನ್ನು ತೋರಿಸುವುದು. ಇದೂ ಕಲಿಕೆಯ ಭಾಗವೇ ಆಗಿದೆ.

10. ದಾಖಲೆಯ ಸಂರಕ್ಷಣೆ

ಸಿದ್ಧವಾದ ವಿಡಿಯೊಗಳ ಒಂದು ಪ್ರತಿಯನ್ನು ಟಿಪ್ಪಣಿ ಪುಸ್ತಕದೊಂದಿಗೆ ಶಾಲೆಯಲ್ಲಿ ಕಾಯ್ದಿರಿಸುವುದು. ಪ್ರತಿ ವರ್ಷ ಅದೇ ತಿಂಗಳಿನಲ್ಲಿ, ಅದೇ ಸ್ಥಳದಿಂದ ಒಂದು ದೃಶ್ಯವನ್ನಾದರೂ ತೆಗೆದರೆ ಹತ್ತು ವರ್ಷಗಳಲ್ಲಿ ಕೆರೆಯ ನೀರಿನ ಮಟ್ಟ, ಹೂಳು, ಕಳೆ ಇವುಗಳ ಬದಲಾವಣೆಯನ್ನು ತೋರಿಸುವ ದಾಖಲೆಯು ಊರಿನವರ ಕೈಯಲ್ಲಿಯೇ ಇರುತ್ತದೆ. ಹೂಳು ತೆಗೆಸಲು, ಒತ್ತುವರಿ ತಡೆಯಲು ಅಥವಾ ಕೋಡಿ ದುರಸ್ತಿಗಾಗಿ ಗ್ರಾಮಸಭೆಯಲ್ಲಿ ಬೇಡಿಕೆ ಮಂಡಿಸುವಾಗ ಸಾರ್ವಜನಿಕರು ಇದನ್ನು ಬಳಸಿಕೊಳ್ಳಬಹುದಾಗಿದೆ.